ಮಂಡಕ್ಕಿ ಡಬ್ಬದೊಳಗಿನ ಕ್ಯಾಮೆರಾ

ಕ್ಯಾಮೆರಾವನ್ನು ಕಿಟಕಿಯಲ್ಲಿ ಇಟ್ಟಿದ್ದೆ. ಅಲ್ಲ, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ. ಇಷ್ಟು ಸಣ್ಣ ವಿಷಯಕ್ಕೇ ನನ್ನ ನೆನಪು ಎರಡು ಉತ್ತರ ಕೊಡುತ್ತದೆ. ಮುಂದಿನದನ್ನೂ ಅಷ್ಟು ಅನುಮಾನದಿಂದಲೇ ಓದಬೇಕು.

ನ್ಯಾಮತಿಯಿಂದ ಬೈಕಿನಲ್ಲಿ ಜಗಳೂರು ಕಡೆಯ ಸೊಕ್ಕೆಗೆ ಹೋಗಿದ್ದೆ, ಒಂದು ನಾಮಕರಣದ ವಿಡಿಯೊ ತೆಗೆಯಲು. ನಮ್ಮ ಕಡೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆ. ಹೇಳಿದ ಕೂಡಲೇ ಸುತ್ತ ಕೂತ ಹೆಂಗಸರು ಆಕೆಯ ಬೆನ್ನಿಗೆ ಗುದ್ದುತ್ತಾರೆ. ಈ ಸೋದರತ್ತೆ ಕೆರೆಬಿಳಚಿಯಿಂದ ತವರಿಗೆ ಬಂದದ್ದು ಏಳು ವರ್ಷದ ಮೇಲೆ. ಆಕೆಯ ತಮ್ಮನಿಗೂ, ಅಂದರೆ ಮಗುವಿನ ಅಪ್ಪನಿಗೂ, ಆಕೆಯ ಗಂಡನಿಗೂ ಮಾತು ನಿಂತಿತ್ತು. ಗಂಡ ಈಗಲೂ ಬಂದಿರಲಿಲ್ಲ.

"ವಿಡಿಯೊ ಇವತ್ತೇ ನನ್ನ ಫೋನಿಗೆ ಹಾಕ್ಕೊಡ್ರಿ ಅಣ್ಣಾ," ಎಂದರು ಆಕೆ. "ನಾಕರ ಬಸ್ಸಿಗೆ ಹೋಗ್ಬೇಕು. ನಮ್ಮ ಯಜಮಾನ್ರು ಬಾಯಿಮಾತು ನಂಬಲ್ಲ. ತಮ್ಮ ನನ್ನ ಹೆಂಗೆ ನೋಡ್ಕಂಡ ಅಂತ ಕಣ್ಣಾರೆ ನೋಡಿದ್ರೆ ಮನಸ್ಸು ಕರಗ್ತೈತೇನೋ."

ನನ್ನ ಕ್ಯಾಮೆರಾದಲ್ಲಿ ಕಾರ್ಡಿನ ಮುಚ್ಚಳ ಜಾಮಾಗಿತ್ತು, ಕೇಬಲ್ ಸಿಕ್ಕಿಸುವ ಜಾಗ ಸಡಿಲ. ಉಳಿದದ್ದು ವೈಫೈ ಒಂದೇ. ಲ್ಯಾಪ್‌ಟಾಪಿಗೆ ಕಳುಹಿಸಲು ಹಚ್ಚಿ ಊಟಕ್ಕೆ ಕೂತೆ. ಎದ್ದು ಬಂದರೆ ಅರ್ಧಕ್ಕೇ ನಿಂತಿದೆ, ಸಂಪರ್ಕ ಕಡಿದಿದೆ. ಸ್ಟೂಲಿನ ಮೇಲೆ ಕ್ಯಾಮೆರಾವೇ ಇಲ್ಲ.

ಹಿಂದೊಮ್ಮೆ ಹೊನ್ನಾಳಿಯ ಮದುವೆಯೊಂದರಲ್ಲಿ ತಾಳಿ ಕಟ್ಟಿದ ಭಾಗವನ್ನು ನಾನೇ ಅಳಿಸಿಬಿಟ್ಟಿದ್ದೆ. ಆ ಮನೆಯವರು ಪೇಟೆಯಲ್ಲಿ ಕಂಡರೆ ಈಗಲೂ ಬೈಯುವುದಿಲ್ಲ, ನಗುತ್ತಾರೆ. ಆ ನಗು ನೆನಪಾಗಿ ಸ್ಟೂಲಿನ ಕೆಳಗೆ, ಚಾಪೆಯ ಅಡಿ ತಡಕಾಡತೊಡಗಿದೆ.

"ಏನು ಹುಡುಕ್ತೀರಿ?" ಮಗುವಿನ ಅಜ್ಜಿ ಕೇಳಿದರು.

"ಕ್ಯಾಮೆರಾ ಅಜ್ಜೀ."

"ಅದಾ? ಧೂಳು ಕುಂತಾತು ಅಂತ ಮಂಡಕ್ಕಿ ಡಬ್ಬದಾಗೆ ಇಟ್ಟೀನಿ. ಭದ್ರ ಐತೆ."

ತಗಡಿನ ದೊಡ್ಡ ಡಬ್ಬ, ಬಿಗಿ ಮುಚ್ಚಳ, ಅದರ ಮೇಲೊಂದು ಗುಂಡುಕಲ್ಲು. ಅಷ್ಟು ತಗಡು ದಾಟಿ ವೈಫೈ ಹೊರಗೆ ಬರುವುದು ಹೇಗೆ? ಕಲ್ಲಿಳಿಸಿ ಮುಚ್ಚಳ ಕಿತ್ತೆ. ಮಂಡಕ್ಕಿಯಲ್ಲಿ ಹೂತಿದ್ದ ಕ್ಯಾಮೆರಾದ ಪುಟ್ಟ ದೀಪ ಇನ್ನೂ ಮಿನುಗುತ್ತಿತ್ತು. ಅಲುಗಿಸಲು ಹೆದರಿ ಡಬ್ಬವನ್ನೇ ಲ್ಯಾಪ್‌ಟಾಪಿನ ಹತ್ತಿರ ಎಳೆದೆ. ನಿಂತಲ್ಲಿಂದಲೇ ಮತ್ತೆ ಬರತೊಡಗಿತು. ಅಬ್ಬಾ!

"ನನ್ನೂ ಹಿಂಗೇ ಡಬ್ಬದಾಗಿಟ್ಟು ಕಲ್ಲೇರಿಸಿದ್ರೆ ತವರಲ್ಲೇ ಇರ್ತಿದ್ನಲ್ಲವ್ವಾ," ಎಂದರು ಸೋದರತ್ತೆ.

"ನೀನು ಹಿಡಿಯೋ ಡಬ್ಬ ಯಾವ ಅಂಗಡೀಲೈತೆ ಹೇಳೇ!"

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ವಿಡಿಯೊ ಫೋನಿಗೆ ಇಳಿಯಿತು. ಹೆಂಗಸರು ಗುದ್ದುವಾಗ ತಮ್ಮ ಓಡಿಬಂದು ಅಕ್ಕನ ಹೆಗಲು ಹಿಡಿದಿದ್ದ, ಕಣ್ಣು ತುಂಬಿಕೊಂಡಿದ್ದ. ನಾನು ಕಂಡದ್ದು ಹಾಗೆ. ವಿಡಿಯೊದಲ್ಲಿ ಅಂಥದ್ದೇನೂ ಇಲ್ಲ. ಅವನು ಬಾಗಿಲಲ್ಲೇ ನಿಂತಿದ್ದಾನೆ, ಟವೆಲಿನಿಂದ ಬೆವರು ಒರೆಸುತ್ತ. ಆದರೆ ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳದ ಅವನ ಮಾತು ಕ್ಯಾಮೆರಾಕ್ಕೆ ಬಿದ್ದಿತ್ತು: "ಮೆಲ್ಲಗೆ ಗುದ್ರವ್ವಾ, ನಮ್ಮಕ್ಕ ಬಸ್ಸಿನಾಗೆ ಕುಂತು ಹೋಗ್ಬೇಕು. ಮುಂದಿನ ಸಲ ಭಾವನ್ನೂ ಕರ್ಕಂಡು ಬಾರಕ್ಕಾ, ಉಳಿದಿದ್ದು ಅವ್ರ ಬೆನ್ನಿಗೆ ಹಾಕಾನ!"

ಆಕೆ ಅದನ್ನು ಹಿಂದಕ್ಕೆ ತಂದು ಇನ್ನೊಮ್ಮೆ ಕೇಳಿದರು.

"ಭಾವ ಅಂದ. ಕೇಳಿದ್ರಾ ಅಣ್ಣಾ? ಏಳು ವರ್ಷ 'ಆ ಮನುಷ್ಯ' ಅಂತಿದ್ದೋನು."

ಬಸ್ಸು ಹತ್ತುವಾಗಲೂ ಫೋನಿನಲ್ಲಿ ಅದೇ ಮಾತು ಕೂಗುತ್ತಿತ್ತು.