ಪಡುಗಾಳಿಯ ಆ ಮಧ್ಯಾಹ್ನ ದೇವಿ ನನ್ನ ಮಗಳನ್ನು ಕಾಯ್ದ ಬಗೆ

ಭಕ್ತ ಬಂಧುಗಳೇ, ಕಳೆದ ಮಾಘ ಮಾಸದ ಒಂದು ಬುಧವಾರ ಮಧ್ಯಾಹ್ನ, ಕಾಪು ಸಮೀಪದ ನಮ್ಮೂರಿನಲ್ಲಿ ನಿಂತಿದ್ದ ಗೂಡ್ಸ್ ರೈಲಿನ ಟ್ಯಾಂಕರೊಂದರಿಂದ ಅಮೋನಿಯಾ ಸೋರಿತು. ಹಳಿಯ ಮೂಡು, ಅಂದರೆ ಪೂರ್ವದ ಬದಿಗೆ ಶಾಲೆಯಿದೆ. ಎಂಟು ವರ್ಷದ ನನ್ನ ಮಗಳು ಅದಿತಿ ಅಲ್ಲಿ ಓದುತ್ತಾಳೆ, ಅವಳಿಗೆ ಆಸ್ತಮಾ. ನಾನು ಕಾರ್ಕಳದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ.

ಮುಖ್ಯೋಪಾಧ್ಯಾಯಿನಿ ವಸಂತಿ ಫೋನ್ ಮಾಡಿದರು. "ರೈಲಿನಿಂದ ಅಮೋನಿಯಾ ಸೋರುತ್ತಿದೆ. ಹೆದರಬೇಡಿ, ನಿಮ್ಮ ಯೋಜನೆಯ ಹಾಗೆಯೇ ಮೈದಾನಕ್ಕೆ ಹೊರಟಿದ್ದೇವೆ." ಅಷ್ಟರಲ್ಲಿ ಕರೆ ಕಡಿಯಿತು.

ಯೋಜನೆ ನನ್ನದೇ. ಇಂಥ ರೈಲುಗಳು ಜನವಸತಿಯ ನಡುವೆ ತಂಗಬಾರದೆಂದು ನಾನು ವರ್ಷದಿಂದ ಹೋರಾಡುತ್ತಿದ್ದೆ. ಅಪಾಯವಾದರೆ ಮಕ್ಕಳನ್ನು ಹಳಿಯಿಂದ ದೂರ, ಇನ್ನೂ ಮೂಡಿನ ಮೈದಾನಕ್ಕೆ ಕರೆದೊಯ್ಯಬೇಕೆಂದು ಗ್ರಾಮಸಭೆಯಲ್ಲಿ ಒಪ್ಪಿಸಿದ್ದೆ. ಅಂದು ಮೀನು ಮಾರುವ ಗಿರಿಜಕ್ಕ ಎದ್ದು ನಿಂತು, "ಟೀಚರೇ, ಮಧ್ಯಾಹ್ನದ ಮೇಲೆ ಗಾಳಿ ಪಡುವಿಂದ, ಕಡಲ ಕಡೆಯಿಂದ ಬರುವುದಲ್ವಾ?" ಎಂದಿದ್ದರು. "ಅಕ್ಕ, ಇದು ದೋಣಿ ಇಳಿಸುವ ವಿಷಯವಲ್ಲ" ಎಂದೆ. ಸಭೆ ನಕ್ಕಿತು. ವಾದ ಗೆದ್ದೆನೆಂದುಕೊಂಡು ಕುಳಿತೆ.

ಊರಿಗೆ ಹೊರಟು ಹತ್ತಿದ ಶಿರ್ವ ಮಾರ್ಗದ ಬಸ್ಸಿನ ಕಿಟಕಿಯಿಂದ ನೋಡಿದರೆ ತೆಂಗಿನ ಗರಿಗಳೆಲ್ಲ ಮೂಡಿಗೆ ಬಾಗಿದ್ದವು. ಆಗ ಅರ್ಥವಾಯಿತು: ವಿಷ ಹೋಗುವ ದಾರಿಯಲ್ಲೇ ನಾನು ಮಕ್ಕಳನ್ನು ಕಳುಹಿಸಿದ್ದೆ. ಮತ್ತೆ ಮತ್ತೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ.

"ಎಂತ ಆಯ್ತು ಅಕ್ಕ? ಕೂತುಕೊಳ್ಳಿ ಮಾರಾಯ್ರೆ, ಬೀಳ್ತೀರಿ" ಎಂದ ಕಂಡಕ್ಟರ್. ಕಂಬಿ ಹಿಡಿದು ನಿಂತಲ್ಲೇ ಕಡಿಯಾಳಿಯ ಮಹಿಷಮರ್ದಿನಿಯನ್ನು ನೆನೆದೆ. "ತಾಯೀ, ನನ್ನ ಜಾಣತನಕ್ಕೆ ಮಗು ಬಲಿಯಾಗದಿರಲಿ. ಹೂವಿನ ಪೂಜೆ ಸಲ್ಲಿಸುತ್ತೇನೆ."

ಪೊಲೀಸರು ಬಸ್ಸನ್ನು ದೂರದಲ್ಲೇ ತಡೆದರು. "ಮಕ್ಕಳೆಲ್ಲ ಭಜನಾ ಮಂದಿರದಲ್ಲಿದ್ದಾರೆ" ಎಂದು ಯಾರೋ ಕೂಗಿದರು. ಮಂದಿರವಿರುವುದು ಹಳಿಯ ಪಡು ಬದಿಗೆ. ನಂಬಲಾಗದೆ, ತೆಂಕಿನ ಸುತ್ತು ದಾರಿ ಹಿಡಿದು ಓಡಿದೆ. ಅದಿತಿ ಗಿರಿಜಕ್ಕನ ತೊಡೆಯ ಮೇಲೆ ಕುಳಿತು ಬೆಲ್ಲ ತಿನ್ನುತ್ತಿದ್ದಳು.

ಮೀನು ಮಾರುತ್ತ ಶಾಲೆಯ ಬಳಿಗೆ ಬಂದಿದ್ದ ಗಿರಿಜಕ್ಕ, ಗೇಟಿಗೆ ಅಡ್ಡ ಬುಟ್ಟಿಯಿಟ್ಟು, "ನನ್ನನ್ನು ದಾಟಿ ಹೋಗಿ ನೋಡುವಾ" ಎಂದು ಹಟ ಹಿಡಿದರಂತೆ. ಮಕ್ಕಳನ್ನು ಗಾಳಿಗೆ ಅಡ್ಡವಾಗಿ ತೆಂಕಿಗೆ ನಡೆಸಿ, ದೂರದ ಸೇತುವೆಯಡಿ ಹಳಿ ದಾಟಿಸಿ ತಂದಿದ್ದರು.

ನಾನು ಅವರ ಕಾಲು ಮುಟ್ಟಿದೆ. "ಏಳಿ ಟೀಚರೇ! ನಿಮ್ಮ ಮೈದಾನ ಅಲ್ಲೇ ಉಂಟು, ಅದು ಎಲ್ಲಿಗೂ ಓಡಿ ಹೋಗಲಿಲ್ಲ" ಎಂದರು. ಮಕ್ಕಳೆಲ್ಲ ನಕ್ಕರು, ನಾನು ಅತ್ತೆ.

ಮಣಿಪಾಲದ ಆಸ್ಪತ್ರೆಯಲ್ಲಿ ಪರೀಕ್ಷಿಸಿದ ವೈದ್ಯರು ಅದಿತಿಯ ಶ್ವಾಸಕೋಶಕ್ಕೆ ಏನೂ ಆಗಿಲ್ಲವೆಂದರು. ಮೈದಾನದ ಅಂಚಿನ ಹುಲ್ಲು ಮರುದಿನವೇ ಸುಟ್ಟಂತೆ ಕಂದಿತ್ತು.

ಹರಕೆ ಸಲ್ಲಿಸಿದ ದಿನ ಗಿರಿಜಕ್ಕನೂ ಜೊತೆಗಿದ್ದರು. ಬಸ್ಸಿನಲ್ಲಿ ನಾನು ಬೇಡುವ ಎಷ್ಟೋ ದಿನ ಮೊದಲೇ ದೇವಿ ಗ್ರಾಮಸಭೆಯಲ್ಲಿ ಉತ್ತರ ಕೊಟ್ಟಿದ್ದಳು. ನಾನು ಅದನ್ನು ವಾದದಿಂದ ಸೋಲಿಸಿದ್ದೆ. ಆದರೂ ಆಕೆ ಕೈಬಿಡಲಿಲ್ಲ. ಹೋರಾಟ ಮುಂದುವರಿದಿದೆ. ಹೊಸ ಯೋಜನೆಯನ್ನು ಗಿರಿಜಕ್ಕ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ.