ಖಾಲಾ ಕೊಡದ ಔಷಧ

ಮೊನ್ನೆ ಶಹಾಪುರದಿಂದ ಗೋಗಿಗೆ ಬರುವ ಆಟೊದಲ್ಲಿ ಒಬ್ಬ ಅಜ್ಜಿ ತೊಡೆಯ ಮೇಲೆ ಸ್ಟೀಲಿನ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಆಟೊ ಕುಲುಕಿ ಮುಚ್ಚಳ ಸರಿಯಿತು. ಆಡಿನ ಹಾಲಿನ ವಾಸನೆ! ಉಳಿದವರು ಮೂಗು ಮುಚ್ಚಿಕೊಂಡರು. ನನಗೆ ನಮ್ಮ ಪಕ್ಕದ ಮನೆಯ ಖಾಲಾ ನೆನಪಾದಳು...

ಖಾಲಾ ಅಂದರೆ ಚಿಕ್ಕಮ್ಮ. ನಮಗೆ ರಕ್ತಸಂಬಂಧವೇನಿಲ್ಲ, ಇಡೀ ಓಣಿಗೇ ಅವಳು ಖಾಲಾ. ಕಣ್ಣು ಹಳದಿಯಾಗುವ ಕಾಮಣಿಗೆ ಯಾವುದೋ ಎಲೆ ಅರೆದು ಆಡಿನ ಹಾಲಿನಲ್ಲಿ ಕೊಡುತ್ತಿದ್ದಳು. ಬೆಳಗಾದರೆ ಅವಳ ಕಟ್ಟೆಯ ತುಂಬ ಜನ. ದವಾಖಾನೆ ಬಿಟ್ಟು ಇಲ್ಲಿಗೇಕೆ ಬರುತ್ತೀರಿ ಎಂದು ಒಮ್ಮೆ ವನದುರ್ಗದಿಂದ ಬಂದಿದ್ದ ಸೊಸೆಯೊಬ್ಬಳನ್ನು ಕೇಳಿದ್ದೆ.

"ಅಲ್ಲಿ ನಾ ಬಾಯಿ ತೆರಿಯೂದ್ರಾಗ ಚೀಟಿ ಬರದಿರ್ತಾರ. ಖಾಲಾ ನಮ್ಮತ್ತಿನ್ನ ಕರಿಸಿ, ಹದಿನೈದ ದಿನ ಇಕಿನ್ನ ಹೊಲಕ್ಕ ಕಳಿಸಿದ್ರ ಔಷಧ ಹತ್ತಂಗಿಲ್ಲ ಅಂತ ಹೇಳ್ಯಾಳ. ದವಾಖಾನ್ಯಾಗ ನಮ್ಮತ್ತೀಗೆ ಹಿಂಗ ಯಾರ ಹೇಳ್ತಾರ?" ಎಂದು ನಕ್ಕಿದ್ದಳು.

ನನಗೋ ಗಿಡಗಳ ಹುಚ್ಚು. ಯಾರೂ ಕಲಿಸಿದ್ದಲ್ಲ, ಕಂಡ ಎಲೆಯನ್ನೆಲ್ಲ ನೋಟ್‌ಬುಕ್ಕಿನಲ್ಲಿ ಅಂಟಿಸುತ್ತಿದ್ದೆ. ಹೆಸರು ಹೇಳಿದರೆ ಗುಣ ಹೋಗುತ್ತದೆ ಎಂದು ಖಾಲಾ ತನ್ನ ಎಲೆಯ ಹೆಸರು ಬಾಯಿಬಿಡುತ್ತಿರಲಿಲ್ಲ. ನಾನು ಗೋಡೆಯ ಮೇಲಿಂದ ಇಣುಕಿ ಇಣುಕಿ ಅದನ್ನು ಕಂಡುಹಿಡಿದಿದ್ದೆ.

ಆ ವರ್ಷ ಅಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಏಳು ತಿಂಗಳು. ಒಂದು ಬೆಳಿಗ್ಗೆ ನೋಡಿದರೆ ಕಣ್ಣು ಅರಿಶಿನ. ಅವ್ವ ಅವಳನ್ನು ನೇರ ಖಾಲಾನ ಕಟ್ಟೆಗೆ ಕರೆದೊಯ್ದಳು. ಖಾಲಾ ಅಕ್ಕನ ಕೆಳರೆಪ್ಪೆ ಎಳೆದು ನೋಡಿದಳು, ಹೊಟ್ಟೆ ನೋಡಿದಳು, ತಲೆಯಾಡಿಸಿದಳು.

"ನಾ ಕೊಡಂಗಿಲ್ಲ. ಶಹಾಪುರಕ್ಕ ಕರ್ಕೊಂಡ ಹೋಗ್ರಿ."

ಅವ್ವನ ತಲೆಯಲ್ಲಿ ಬೇರೆಯೇ ಲೆಕ್ಕ. ಅಕ್ಕನ ಮದುವೆಗೆ ಅವಳು ಖಾಲಾನನ್ನು ತಾನೇ ಹೋಗಿ ಕರೆದಿರಲಿಲ್ಲ, ನನ್ನ ಕೈಯಲ್ಲಿ ಪತ್ರಿಕೆ ಕಳಿಸಿದ್ದಳು. ಖಾಲಾ ಆ ಸಿಟ್ಟು ಈಗ ತೀರಿಸಿಕೊಂಡಳು ಎಂದೇ ಅವ್ವ ತಿಳಿದಳು. ಮನೆಗೆ ಬಂದು, "ಊರಿಗೆಲ್ಲಾ ಕೊಡ್ತಾಳ, ನಮ್ಮ ಹುಡುಗಿಗಷ್ಟ ಇಲ್ಲ" ಎಂದು ಕಣ್ಣೊರೆಸಿಕೊಂಡಳು.

"ಅಳಬ್ಯಾಡವ್ವ, ಎಲಿ ನನಗ ಗೊತ್ತದ" ಅಂದೆ. ನಮ್ಮ ಹಿತ್ತಲಿನಲ್ಲೂ ಆ ಗಿಡವಿತ್ತು, ಕಿತ್ತು ತಂದು ಅರೆದೆ. ಹಾಲು ಬೇಕಲ್ಲ, ಓಣಿಯಲ್ಲಿ ಆಡು ಇದ್ದದ್ದು ಖಾಲಾನ ಮನೆಯಲ್ಲಿ ಮಾತ್ರ. ಏನೂ ಯೋಚಿಸದೆ ಅವಳ ಸೊಸೆಯ ಹತ್ತಿರವೇ ಒಂದು ಲೋಟ ಇಸಿದುಕೊಂಡು ಬಂದೆ.

ಅಕ್ಕ ಲೋಟ ತುಟಿಗೆ ಇಡುವಷ್ಟರಲ್ಲಿ ಖಾಲಾ ಬರಿಗಾಲಲ್ಲಿ ಒಳಗೆ ನುಗ್ಗಿದಳು. ಲೋಟ ಕಸಿದು ಅಂಗಳಕ್ಕೆ ಚೆಲ್ಲಿದಳು.

"ಹುಚ್ಚಿ! ಆಡಿನ ಹಾಲ ಒಯ್ದಿ ಅಂತ ಸೊಸಿ ಅಂದ ಕೂಡ್ಲೆ ತಿಳೀತು. ಹೊಟ್ಟ್ಯಾಗ ಕೂಸ ಅದ. ಕೂಸಿಗೆ ಏನಾಗ್ತದಂತ ನನಗ ಗೊತ್ತಿಲ್ಲ, ನಿನಗ ಗೊತ್ತದೇನ?"

ಅವ್ವ ಮೆಲ್ಲಗೆ, "ಪತ್ರಿಕಿ ಕಳಿಸಿದ್ದು ತಪ್ಪಾತ ಖಾಲಾ..." ಅಂದಳು.

ಖಾಲಾ ಅವಳ ಮುಖವನ್ನೇ ನೋಡಿದಳು. "ಪತ್ರಿಕಿ? ಮದುವ್ಯಾಗ ಎರಡ ಸಲ ಹೋಳಿಗಿ ಹಾಕಿಸ್ಕೊಂಡ ಉಂಡೀನಲ್ಲವಾ, ಇನ್ನೇನ ಸಿಟ್ಟ? ಏಳ, ಆಟೊ ಕರಿ."

ಬುರ್ಖಾ ಹಾಕಿಕೊಂಡು ತಾನೂ ಹತ್ತಿದಳು. ಅಕ್ಕನಿಗೆ ಸೂಜಿ ಎಂದರೆ ಭಯ. ನಾಲ್ಕು ದಿನ ದವಾಖಾನೆಯ ಮಂಚದ ಪಕ್ಕ ಕೈ ಹಿಡಿದು ಕೂತಿದ್ದವಳು ಖಾಲಾ. ಅಕ್ಕ ಉಳಿದಳು. ಆ ಕೂಸು ಈಗ ಶಾಲೆಗೆ ಹೋಗುತ್ತಿದೆ.

ಖಾಲಾ ತೀರಿಹೋಗಿ ಎರಡು ವರ್ಷವಾಯಿತು, ಮಗ-ಸೊಸೆಯೂ ಊರು ಬಿಟ್ಟಿದ್ದಾರೆ. ಮೊನ್ನೆ ಆಟೊ ಇಳಿದು ಮನೆಗೆ ಬಂದರೆ, ಅವಳ ಬೀಗ ಹಾಕಿದ ಬಾಗಿಲ ಮುಂದೆ ಒಬ್ಬ ಹೆಂಗಸು ಮಗನನ್ನು ಕರೆದುಕೊಂಡು ನಿಂತಿದ್ದಳು. ಹುಡುಗನ ಕಣ್ಣು ಹಳದಿ.

"ಖಾಲಾ ಎಲ್ಲಿ ಹೋಗ್ಯಾರ್ರಿ?"

ಹೇಳಿದೆ. ಅವಳು ಮಗನನ್ನು ಅಲ್ಲೇ ಕಟ್ಟೆಯ ಮೇಲೆ ಕೂರಿಸಿದಳು.

"ಮತ್ತ ಈಗ ಯಾರ ಕೊಡ್ತಾರ್ರಿ?"

ಆ ಗಿಡ ನಮ್ಮ ಹಿತ್ತಲಿನಲ್ಲಿ ಈಗಲೂ ಇದೆ. ಆದರೆ ಆ ಹುಡುಗನ ರೆಪ್ಪೆ ಎಳೆದು ನೋಡಿದರೆ ನನಗೇನು ತಿಳಿದೀತು...

"ಯಾರೂ ಇಲ್ಲವ್ವ. ನಡಿ, ಶಹಾಪುರಕ್ಕ ನಾನೂ ಬರ್ತೀನಿ" ಅಂದೆ.