ನೆಟ್ಟ ಹಲ್ಲಿನ ತೀರ್ಪು

ದವಡೆಯಲ್ಲಿ ನೆಟ್ಟ ಕೃತಕ ಹಲ್ಲಿಗೆ ದಾರದ ಗುಣ ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಬಹುಕಾಲ ಉತ್ತರ ಸಿಗಲಿಲ್ಲ. ತಿಳಿಯುವುದಿಲ್ಲ ಎಂದೇ ಪುಸ್ತಕಗಳು ಹೇಳುತ್ತಿದ್ದವು. ಆದರೂ ದರ್ಜಿ ಮಾಸ್ತರರು ಅಂಥ ಹಲ್ಲಿನಲ್ಲೇ ಎಂಟು ವರ್ಷ ಕಚ್ಚಿ ನೋಡಿ ಹೇಳಿದರು, ಒಮ್ಮೆಯೂ ತಪ್ಪಲಿಲ್ಲ.

ಅವರ ಅಂಗಡಿಯಲ್ಲಿ ಎರಡು ಹಳೆಯ ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಮೂಲೆಯಲ್ಲಿ ಗುಂಡಿಗಳ ಕಾಜಾ ಹೊಲಿಯುವ ಹೆಂಡತಿ. ವ್ಯಾಪಾರಿ ತಂದ ಪ್ರತಿ ರೀಲಿನ ದಾರವನ್ನೂ ಮುಂದಿನ ಹಲ್ಲುಗಳಲ್ಲಿ ಹಿಡಿದು ಮೆಲ್ಲಗೆ ಎಳೆದು, ತಾಳುತ್ತದೋ ಇಲ್ಲವೋ ಎಂದು ತೀರ್ಪು ಕೊಡುವುದು ಮಾಸ್ತರರ ಪದ್ಧತಿ. ನಲವತ್ತು ವರ್ಷ ತೀರ್ಪು ಕೊಟ್ಟು ಮೇಲಿನ ಎರಡು ಹಲ್ಲು ಅಲ್ಲಾಡಿ ಬಿದ್ದವು. ಆ ತಿಂಗಳು ಕಣ್ಣನ್ನು ನಂಬಿ ಕೊಂಡ ದಾರದಲ್ಲಿ ಹೊಲಿದ ಶಾಲೆಯ ಇಪ್ಪತ್ತು ಸಮವಸ್ತ್ರದ ಚಡ್ಡಿಗಳು ಆಟದ ಮೈದಾನದಲ್ಲೇ ಬಾಯಿ ಬಿಟ್ಟವು. ಇನ್ನೊಮ್ಮೆ ಹೀಗಾದರೆ ಕೆಲಸ ಬೇರೆಯವರಿಗೆ ಎಂದು ಶಾಲೆಯವರು ಖಡಾಖಂಡಿತವಾಗಿ ಹೇಳಿದರು.

"ಬಾಯಿ ಬಿಡೋದನ್ನ ಅವು ನನ್ನ ನೋಡೇ ಕಲ್ತಿದ್ದು," ಎಂದರು ಮಾಸ್ತರರು.

ದಂತವೈದ್ಯೆಯ ಬಳಿಗೆ ಹೋಗಿ ಹಲ್ಲು ನೆಡುವ ಬೆಲೆ ಕೇಳಿ ಅವರು ಕೊರಳಿನ ಟೇಪನ್ನು ಗಟ್ಟಿಯಾಗಿ ಹಿಡಿದುಕೊಂಡರು. ಒಂದು ಹಲ್ಲಿನ ಬೆಲೆಗೆ ಮೋಟಾರಿನ ಹೊಸ ಯಂತ್ರವೊಂದು ಬರುತ್ತಿತ್ತು.

"ಡಾಕ್ಟ್ರೇ, ಎರಡು ಮಷೀನು ಬಾಯಲ್ಲಿಟ್ಕೊಂಡ್ರೆ ಅಲ್ಲೇ ಹೊಲೀಬಹುದಾ?"

"ಮೊದ್ಲು ಬಾಯಿ ಮುಚ್ಕೊಂಡು ಕೇಳಿ. ಆಮೇಲೆ ತೆಗೆಯೋದು ಇದ್ದೇ ಇದೆ," ಎಂದರು ದಂತವೈದ್ಯೆ.

ಯಂತ್ರಕ್ಕೆಂದು ಕೂಡಿಟ್ಟ ಹಣ ದವಡೆ ಸೇರಿತು. ಜೋಮು ಹಿಡಿದ ಬಾಯೊಳಗೆ ಕೊರೆಯುವ ಸದ್ದು ತಲೆಬುರುಡೆಯಲ್ಲೆಲ್ಲ ಮೊಳಗುವಾಗ, ತಾನು ಬಟ್ಟೆಗೆ ಮಾಡುತ್ತ ಬಂದದ್ದೂ ಇದನ್ನೇ ಎಂದು ಮಾಸ್ತರರಿಗೆ ಅನ್ನಿಸಿತು. ಬಟ್ಟೆ ಬಿಲ್ಲಿನ ಹಣ ಕಟ್ಟುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಕೊರೆದು ಕೂರಿಸಿದ ತಿರುಪು ಮೂಳೆಗೆ ಕಚ್ಚಿಕೊಳ್ಳಲೆಂದು ನಾಲ್ಕು ತಿಂಗಳು ಕಾದು, ಅದರ ಮೇಲೆ ಹಲ್ಲು ಕೂರಿಸಿಕೊಂಡು, ನೇರವಾಗಿ ಅಂಗಡಿಗೆ ಬಂದು ದಾರ ಕಚ್ಚಿದರು. ಏನೂ ತಿಳಿಯಲಿಲ್ಲ.

"ಸ್ವಂತ ಹಲ್ಲಿನ ಬೇರಿನ ಸುತ್ತ ಒಂದು ತೆಳು ಪೊರೆ ಇರುತ್ತೆ ಮಾಸ್ತರ್ರೇ, ಸಣ್ಣ ಎಳೆತ ಗೊತ್ತಾಗೋದು ಅದರಿಂದ. ಇದಕ್ಕೆ ಅದಿಲ್ಲ," ಎಂದರು ವೈದ್ಯೆ, ಮಾಸ್ತರರು ಮತ್ತೆ ಹೋಗಿ ಕೇಳಿದಾಗ.

"ಅಂದ್ರೆ ಅಸ್ತರು ಇಲ್ದಿರೋ ಕೋಟು ಹೊಲಿದು ಪೂರ್ತಿ ಕೂಲಿ ತಗೊಂಡ್ರಿ."

ಸಂಜೆ ಹೆಂಡತಿ ಕೇಳಿದರು: "ಇನ್ನೇನು ಮಾಡ್ತೀರಿ?"

"ಕಚ್ತೀನಿ. ದುಡ್ಡು ಕೊಟ್ಟಿದೀನಲ್ಲ."

ಮುಂದಿನ ವಾರ ವ್ಯಾಪಾರಿ ಬಂದ. ಮಾಸ್ತರರು ಪ್ರತಿ ರೀಲಿನಿಂದಲೂ ಒಂದು ಮೊಳ ದಾರ ಕತ್ತರಿಸಿ, ಕಾಜಾಕ್ಕಿರಲಿ ಎಂದು ಹೆಂಡತಿಯ ಮಡಿಲಿಗೆ ಹಾಕಿ, ಉಳಿದ ತುದಿಯನ್ನು ಕಚ್ಚಿ ಎಂದಿನ ಗತ್ತಿನಲ್ಲಿ ಕಣ್ಣು ಮುಚ್ಚಿದರು. ಮೂರನೆಯ ರೀಲಿಗೆ ಮೂಲೆಯಲ್ಲಿ ಹೆಂಡತಿ ಕೆಮ್ಮಿದರು.

"ಇದು ತಾಳಲ್ಲ. ತಗೊಂಡ್ಹೋಗು."

ವ್ಯಾಪಾರಿ ಬೆರಗಾದ. ಅಂದಿನಿಂದ ಎಂಟು ವರ್ಷ ಶಾಲೆಯ ಒಂದು ಹೊಲಿಗೆಯೂ ಬಿಚ್ಚಲಿಲ್ಲ. "ನನ್ನ ಮೈಯಲ್ಲಿ ಬೆಲೆ ಬಾಳೋದು ಇವೆರಡೇ. ಉಳಿದಿದ್ದನ್ನ ಪುಕ್ಕಟೆ ಕೊಟ್ರೂ ಯಾರೂ ಒಯ್ಯಲ್ಲ," ಎಂದು ಮಾಸ್ತರರು ಹಲ್ಲು ತೋರಿಸುತ್ತಿದ್ದರು.

ಅವರು ತೀರಿಕೊಂಡ ಮರುತಿಂಗಳು ವ್ಯಾಪಾರಿ ಬಂದಾಗ, ಹೆಂಡತಿ ದಾರವನ್ನು ಎರಡು ಬೆರಳಿಗೆ ಸುತ್ತಿ ಎಳೆದು ನೋಡಿ, ರೀಲನ್ನು ಹಿಂದಕ್ಕೆ ತಳ್ಳಿದರು.

"ಕೆಮ್ಮು ವಾಸಿಯಾಯ್ತಾ, ಅಕ್ಕಾ?"

"ಕೆಮ್ಮು ಯಾವತ್ತೂ ಇರ್ಲಿಲ್ಲಪ್ಪ. ದಾರ ತಾಳಲ್ಲ ಅಂತ ಅವರಿಗೆ ಹೇಳೋಕೆ ಕೆಮ್ತಿದ್ದೆ."